ಹೆಲಿಕಾಪ್ಟರ್ ರಾಯರು

ಕಾಳೀನದಿಯ ಜಲವಿದ್ಯುತ್ತಿಗಾಗಿಯೇ ಹುಟ್ಟಿ, ಅರಣ್ಯದ ನಡುವೆ ವಸತಿಗೃಹಗಳ ಸಾಲುಸಾಲುಗಳಾಗಿ ಬೆಳೆದು, ಪಾಳಿ ಬದಲಾಗುವುದನ್ನೇ ಕಾಲಗಣನೆಯೆಂದು ತಿಳಿದಿರುವ ಅಂಬಿಕಾನಗರದಂಥ ಊರಿನಲ್ಲಿ, ನಿವೃತ್ತಿಯ ಅಂಚಿಗೆ ಬಂದ ಎಂಜಿನಿಯರನಿಗೆ ಒಂದಲ್ಲ ಒಂದು ವ್ಯಸನ ಅಂಟಿಕೊಳ್ಳುವುದು ಸಹಜವೇ ಸರಿ. ಕೆಲವರು ಗುಲಾಬಿಯನ್ನು ಹಿಡಿಯುತ್ತಾರೆ, ಕೆಲವರು ಹೋಮಿಯೋಪತಿಯನ್ನು. ನಾನು ಹೇಳಹೊರಟಿರುವ ರಾಯರು ಹಿಡಿದದ್ದು ರಿಮೋಟ್ ಹೆಲಿಕಾಪ್ಟರನ್ನು. ಏನನ್ನು ಕಲಿಯಹೊರಟರೂ ಮೊದಲ ಮೆಟ್ಟಿಲು ತಮ್ಮ ಘನತೆಗೆ ಕುಂದೆಂದು ಭಾವಿಸಿ ನೇರವಾಗಿ ನಾಲ್ಕನೆಯದಕ್ಕೆ ಕಾಲಿಡುವ ಮಹನೀಯರು ಎಲ್ಲ ಊರುಗಳಲ್ಲಿಯೂ ಉಂಟಾದುದರಿಂದ, ಇವರ ಹೆಸರನ್ನು ಬರೆಯುವ ಅಗತ್ಯವಿಲ್ಲ.

ಯಂತ್ರ ಬೇಕಾದದ್ದು ತಮಗಲ್ಲ, ಹಳಿಯಾಳದಲ್ಲಿರುವ ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಎಂಬುದು ಅವರು ಊರೆಲ್ಲ ಹಬ್ಬಿಸಿದ ವಾರ್ತೆ. ಆ ಹುಟ್ಟುಹಬ್ಬವೂ ಮುಂದಿನ ವರ್ಷದ ಹುಟ್ಟುಹಬ್ಬವೂ ಕಳೆದುಹೋದುವು. ರಾಯರ ವಿಚಾರಣೆ ಮುಗಿಯಲಿಲ್ಲ. ಅವರಷ್ಟು ಸಾಂಗವಾಗಿ ವಿಷಯವನ್ನು ವ್ಯಾಸಂಗ ಮಾಡಿದವರನ್ನು ನಾನು ಕಂಡಿಲ್ಲ. 1939ರಲ್ಲಿ ಸಿಕೋರ್ಸ್ಕಿಯು ಒಂದೇ ದೊಡ್ಡ ರೋಟರು, ಬಾಲದಲ್ಲೊಂದು ಚಿಕ್ಕ ರೋಟರು ಎಂಬ ವಿನ್ಯಾಸದ ಯಂತ್ರವನ್ನು ನೆಲದಿಂದ ಎತ್ತಿದುದರಿಂದ ಆರಂಭಿಸಿ, ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಕೋಶ ತುಂಬಿದಾಗ 4.2 ವೋಲ್ಟ್ ತೋರುತ್ತದೆ, 3ಕ್ಕಿಂತ ಕೆಳಗಿಳಿಸಿದರೆ ಕೆಡುತ್ತದೆ ಎಂಬುದರವರೆಗೆ, ಅವರು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರಿಗೆ ದಾಂಡೇಲಿ ಬರುವುದರೊಳಗಾಗಿ ಎಲ್ಲವನ್ನೂ ಬೋಧಿಸಬಲ್ಲವರಾಗಿದ್ದರು.

ಹೊಸಬನು ಮೊದಲು ಕೊಳ್ಳತಕ್ಕದ್ದು ಯಾವುದೆಂಬುದೂ ಅವರಿಗೆ ಗೊತ್ತಿತ್ತು, ಮತ್ತು ಇದೇ ಇದರೊಳಗಿನ ಸ್ವಾರಸ್ಯ. ಒಂದೇ ಅಕ್ಷದ ಮೇಲೆ ಮೇಲೊಂದು ಕೆಳಗೊಂದು ರೋಟರು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಕೋಆಕ್ಸಿಯಲ್ ಯಂತ್ರದಲ್ಲಿ, ಒಂದು ರೋಟರು ಒಡಲನ್ನು ತಿರುಚಲೆಳಸುವ ಬಲವನ್ನು ಮತ್ತೊಂದು ತೊಡೆದುಹಾಕುವುದರಿಂದ, ನಡುಮನೆಯ ನಿಶ್ಚಲವಾದ ಗಾಳಿಯಲ್ಲಿ ಅದು ಹೆಚ್ಚುಕಡಮೆ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ. ಬೆಲೆಯೂ ಅಲ್ಪ, ಗೋಡೆಗೆ ತಗುಲಿದರೆ ಹಾನಿಯೂ ಅಲ್ಪ. ಅದು ಕೈಗೆ ಬಂದ ಮೇಲೆ ಒಂಟಿ ರೋಟರಿನ ಫಿಕ್ಸೆಡ್ ಪಿಚ್. ಅದೂ ಪಳಗಿದ ಮೇಲೆ, ರೋಟರಿನ ವೇಗವನ್ನು ಬದಲಿಸದೆ ಅಲಗುಗಳ ಓರೆಯನ್ನೇ ಮಾರ್ಪಡಿಸಿ ಏರಿಳಿಯುವ, ತಲೆಕೆಳಗಾಗಿಯೂ ಹಾರಬಲ್ಲ ಕಲೆಕ್ಟಿವ್ ಪಿಚ್. ಇಷ್ಟನ್ನೂ ಸೋದರಳಿಯನಿಗೆ ಚಿತ್ರಸಹಿತವಾಗಿ ವಿವರಿಸಿ, ರಾಯರು ತಾವು ತರಿಸಿದ್ದು ಆರು ಚಾನೆಲ್ಲಿನ ಕಲೆಕ್ಟಿವ್ ಪಿಚ್ ಯಂತ್ರವನ್ನು.

“ಬೊಮ್ಮನಹಳ್ಳಿಯಿಂದ ಇಳಿದುಬರುವ ನೀರಿಗೆ ನಾಗಝರಿಯಲ್ಲಿ ಆರು ಘಟಕಗಳನ್ನು ತಿರುಗಿಸಿದವನು ನಾನು, ಎರಡು ರೋಟರಿನ ಆಟಿಕೆ ಹಿಡಿದು ಅಂಗಳದಲ್ಲಿ ನಿಂತರೆ ಜನ ಏನೆಂದಾರು?” ಎಂಬುದು ಅವರ ವಾದ. ಎರಡು ರೋಟರು ಆಟಿಕೆಯ ಲಕ್ಷಣವಾದರೆ ನಮ್ಮ ನೌಕಾಪಡೆಯ ಕಾಮೊವ್ ಹೆಲಿಕಾಪ್ಟರುಗಳ ಗತಿಯೇನೆಂದು ಕಿರಿಯ ಸಹೋದ್ಯೋಗಿಯೊಬ್ಬನು ಕೇಳಿದಾಗ, ರಾಯರು ಅದಕ್ಕೆ ಉತ್ತರ ಕೊಡದೆ, ಬೆಂಗಳೂರಿನಲ್ಲಿ ತಯಾರಾದ ಧ್ರುವ್ 1992ರಲ್ಲಿ ಮೊದಲು ಹಾರಿದ ವೃತ್ತಾಂತವನ್ನು ಹೇಳತೊಡಗಿದರು. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕೆಲವು ದಿನ ಬೀಳಿಸಿ ಎಬ್ಬಿಸಿ ಅಭ್ಯಾಸ ಮಾಡಬಹುದೆಂಬ ಸಲಹೆಯನ್ನಂತೂ ಅವರು ವಿಡಿಯೋ ಗೇಮೆಂದು ತಳ್ಳಿಹಾಕಿದರು. ಬಿದ್ದುದಕ್ಕೆ ಕಾಸು ಕೇಳದ ಗುರು ಲೋಕದಲ್ಲಿ ಅದೊಂದೇ ಎಂಬುದು ನನ್ನ ಮತ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಪಾರ್ಸೆಲ್ಲು ಬಂದದ್ದು ಮಳೆಗಾಲದ ಆರಂಭದಲ್ಲಿ. ಈ ಭಾಗದ ಮಳೆ ಒಮ್ಮೆ ಹಿಡಿದರೆ ಅಂಗಳದಲ್ಲಿ ಅಂಗಿ ಒಣಗುವುದೇ ದುರ್ಲಭವಾಗಿರುವಾಗ ಹೆಲಿಕಾಪ್ಟರ್ ಹಾರುವುದೆಲ್ಲಿಂದ? ರಾಯರು ಆ ತಿಂಗಳುಗಳನ್ನೆಲ್ಲ ಬ್ಯಾಟರಿಯ ಶುಶ್ರೂಷೆಯಲ್ಲಿ ಕಳೆದು, ವಿದ್ಯುದಾಗಾರದ ಲಾಗ್‌ಪುಸ್ತಕದ ಮಾದರಿಯಲ್ಲಿಯೇ ಅಂಕಣ ಗೀಚಿ ದಿನವೂ ವೋಲ್ಟೇಜು ಬರೆದಿಟ್ಟು, ಕೆಳಗೆ ಸಹಿ ಮಾಡಿದರು.

ಕೊನೆಗೆ ಆಕಾಶ ತೆರವಾದ ಒಂದು ಭಾನುವಾರ ಮೈದಾನದಲ್ಲಿ ಪಾಳಿಯಿಲ್ಲದವರೆಲ್ಲ ನೆರೆದರು. ಯಂತ್ರ ಎದ್ದಿತು, ಬಾಲವನ್ನು ರಾಯರ ಕಡೆಗಿಟ್ಟುಕೊಂಡಿರುವವರೆಗೆ ವಿಧೇಯವಾಗಿಯೇ ಇತ್ತು. ಆಮೇಲೆ ಗಾಳಿ ಬೀಸಿ ಅದು ಅವರಿಗೆ ಅಭಿಮುಖವಾಗಿ ತಿರುಗಿತು. ಯಂತ್ರ ಎದುರು ನಿಂತಾಗ ಅದರ ಬಲ ನಮಗೆ ಎಡ, ಅದರ ಎಡ ನಮಗೆ ಬಲ ಎಂಬ ಸೂತ್ರವನ್ನು ಬಸ್ಸಿನಲ್ಲಿ ಎಷ್ಟೋ ಜನಕ್ಕೆ ಬೋಧಿಸಿದ್ದ ರಾಯರ ಹೆಬ್ಬೆರಳುಗಳಿಗೆ ಮಾತ್ರ ಆ ಸೂತ್ರವನ್ನು ಯಾರೂ ಹೇಳಿರಲಿಲ್ಲ. ಅದೇ ಕ್ಷಣದಲ್ಲಿ ಮಂಗಟ್ಟೆ ಹಕ್ಕಿಯೊಂದು ತನ್ನ ಭಾರವಾದ ಕೊಕ್ಕನ್ನು ಹೊತ್ತು, ರೆಕ್ಕೆಗಳ ಘೋಷದೊಡನೆ ಕಾಡಿನ ಕಡೆಗೆ ನಿರಾಯಾಸವಾಗಿ ಸಾಗಿಹೋಯಿತು. ನೆರೆದವರೆಲ್ಲರೂ ಕತ್ತೆತ್ತಿ ಅದನ್ನು ನೋಡುತ್ತಿದ್ದುದರಿಂದ ಹೆಲಿಕಾಪ್ಟರು ಹೇಗೆ ಬಿತ್ತೆಂಬುದಕ್ಕೆ ರಾಯರನ್ನುಳಿದು ಸಾಕ್ಷಿಗಳಿಲ್ಲ. ಅಲಗುಗಳೆರಡೂ, ಬಾಲದ ದಂಡವೂ, ಅವುಗಳನ್ನು ಕೂಡಿಸುವ ಹಲ್ಲುಚಕ್ರವೂ ಹುಲ್ಲಿನೊಳಗೆ ಬೇರೆಬೇರೆ ಕಡೆ ದೊರೆತುವು.

ಈಚೆಗೆ ದಾಂಡೇಲಿ, ಜೋಯಿಡಾಗಳಿಂದಲೂ ತಂದೆಯರು ಮಕ್ಕಳನ್ನು ಕರೆದುಕೊಂಡು, ಮೊದಲು ಯಾವ ಹೆಲಿಕಾಪ್ಟರ್ ಕೊಳ್ಳಬೇಕೆಂದು ಅವರಲ್ಲಿಗೆ ಬರುತ್ತಾರೆ. “ಕೋಆಕ್ಸಿಯಲ್ಲನ್ನೇ ಕೊಳ್ಳಿ, ಮನೆಯೊಳಗೇ ಹಾರಿಸಿ, ಆತುರ ಬೇಡ” ಎಂದು ರಾಯರು ನಿರ್ವ್ಯಾಜವಾದ ಗಾಂಭೀರ್ಯದಿಂದ ಹೇಳುತ್ತಾರೆ, ಸಲಹೆ ಯಥಾರ್ಥವಾದುದೇ. ಬಂದವರು ಹೋದ ಮೇಲೆ, ಯಂತ್ರ ದೊಡ್ಡದಾದಷ್ಟೂ ಗಾಳಿಯಲ್ಲಿ ಸ್ಥಿರವಾಗಿರುತ್ತದೆಂಬ, ಅದೂ ಯಥಾರ್ಥವೇ ಆದ ತತ್ತ್ವವನ್ನು ಆಧರಿಸಿ, ಮೊದಲಿನದರ ಇಮ್ಮಡಿ ಗಾತ್ರದ ಕಲೆಕ್ಟಿವ್ ಪಿಚ್ಚಿಗೆ ಆರ್ಡರು ಬರೆಯಲು ಕೂರುತ್ತಾರೆ. ಅವರ ಮನೆಯವರು ಮೊನ್ನೆ ಕಾಫಿ ತಂದಿಟ್ಟು, ಆ ಪಟ್ಟಿಯ ಕೆಳಗೇ ನಾಲ್ಕು ಡಜನ್ ಹಂಚನ್ನೂ ಸೇರಿಸಿಬಿಡಿ, ಸಾಗಣೆ ಖರ್ಚಾದರೂ ಉಳಿದೀತು ಎಂದರಂತೆ.