ಸ್ಟಿಕರ್ ಅಲ್ರೀ, ಅರಿವಿ!

ಬೈಕು ಓಡಿಸುವುದಕ್ಕಿಂತ ಬಿಚ್ಚಿಡುವುದರಲ್ಲೇ ಹೆಚ್ಚು ಸುಖ ಕಾಣುವವನೊಬ್ಬ ಊರಿಗೆ ಇದ್ದೇ ಇರುತ್ತಾನೆ. ವಿಜಯಪುರದ ಪಾಲಿಗೆ ಬಂದವನು ನನ್ನ ತಂಗಿಯ ಮಗ. ಡಿಪ್ಲೊಮಾ ಓದಲೆಂದು ಬಬಲೇಶ್ವರದಿಂದ ಬಂದ. ಓದಿಗೆ ಒಂದು ಮೂಲೆ ಸಾಕಾಯಿತು, ಬೈಕಿಗೆ ಇಡೀ ಹಿತ್ತಲು ಬೇಕಾಯಿತು.

ಇಂಥವರನ್ನು ಗುರುತಿಸುವುದು ಸುಲಭ. ಉಗುರಿನ ಸಂದಿಯಲ್ಲಿ ಕರಿ ಪುಡಿ, ಮೈಯೆಲ್ಲ ತುರಿಕೆ, ಜೇಬಿನಲ್ಲಿ ಉಜ್ಜುಕಾಗದ. ಅವರ ಮಡ್‌ಗಾರ್ಡ್ ನೋಡಿ ‘ಸ್ಟಿಕರ್ ಛಲೋ ಐತಿ’ ಅಂದಿರೋ, ಕುಲದ ಹೆಸರು ಕೆಡಿಸಿದಂತೆ. ‘ಸ್ಟಿಕರ್ ಅಲ್ರೀ, ಅರಿವಿ! ಕಾರ್ಬನ್ ಫೈಬರ್ ಅರಿವಿ! ಮುಟ್ಟಿ ನೋಡ್ರಿ!’ ಮುಟ್ಟದೆ ಬಿಡುಗಡೆಯಿಲ್ಲ.

ಅರಿವೆ ಎನ್ನುವುದೇನೋ ನಿಜ. ಒಂದೊಂದು ಎಳೆಯಲ್ಲೂ 3000 ತಂತು, ಒಂದು ತಂತು ಕೂದಲಿನ ಹತ್ತನೇ ಒಂದಂಶ ದಪ್ಪ. ಕೊರಿಯರಿನಲ್ಲಿ ಬಂದದ್ದನ್ನು ನಮ್ಮವ್ವ ಬೆರಳಲ್ಲಿ ಸವರಿ, ‘ನೇಯ್ಗಿ ಗುಳೇದಗುಡ್ಡದ ಖಣದಂಗ ಐತಿ, ಒಂದು ಕುಬಸ ಆಕ್ಕೈತೇನ?’ ಅಂದಳು. ಬೆಲೆ ಕೇಳಿದ ನನ್ನವಳು ತನ್ನ ರೇಷ್ಮೆ ಸೀರೆಗಳನ್ನೊಮ್ಮೆ ಮನಸ್ಸಿನಲ್ಲೇ ಎಣಿಸಿಕೊಂಡಳು.

ಅರಿವೆ ಅಂಟಿಸುವುದಕ್ಕೆ ಎಪಾಕ್ಸಿ ಎಂಬ ಅಂಟು: ನೂರು ಗ್ರಾಂ ಎಪಾಕ್ಸಿಗೆ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಮೂವತ್ತು ಗ್ರಾಂ. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಅವನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಐದಾರು ಅಂಕ ಹೆಚ್ಚುಕಡಿಮೆಯಾದರೆ ಮಾತ್ರ ಚಿಂತೆಯಿಲ್ಲ. ಆದರೆ ನಮ್ಮ ಊರಿನ ಬಿಸಿಲು ಆ ಲೆಕ್ಕದಲ್ಲಿರಲಿಲ್ಲ. ಸೆಕೆಗೆ ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ; ಗಟ್ಟಿಯಾಗುತ್ತ ತಾನೇ ಇನ್ನಷ್ಟು ಕಾಯುತ್ತದೆ. ಅವನು ಅದನ್ನು ಕಲಸಿದ್ದ ನನ್ನ ಚಹಾದ ಕಪ್ಪು ಕುದ್ದು ಹೊಗೆಯಾಡಿತು. ಕಲಸಿದ ಚಮಚ ಇಂದಿಗೂ ಅದರಲ್ಲಿ ನೆಟ್ಟಗೆ ನಿಂತಿದೆ.

ಇಷ್ಟಾದರೂ ತಡೆದೇನು. ಆ ಏಪ್ರಿಲ್ ರಾತ್ರಿಯನ್ನು ಮಾತ್ರ ಮರೆಯಲಾರೆ. ನನ್ನ ಸ್ಪ್ಲೆಂಡರಿನ ಮಡ್‌ಗಾರ್ಡಿಗೆ (ನನ್ನದೇ, ಕೇಳದೆ ಬಿಚ್ಚಿದ್ದು) ಎಪಾಕ್ಸಿ ಬಳಿದು, ಅರಿವೆ ಹೊದಿಸಿ, ಮೇಲೆ ಆಮೇಲೆ ಸುಲಿದು ತೆಗೆಯುವ ಪೀಲ್ ಪ್ಲೈ ಬಟ್ಟೆ, ಅದರ ಮೇಲೆ ತೂತಿನ ಹಾಳೆ, ಹತ್ತಿಯ ಪದರ, ಕಡೆಗೆ ಪ್ಲಾಸ್ಟಿಕ್ ಚೀಲ. ಬಾಣಂತಿಯ ಕೂಸಿಗೂ ಇಷ್ಟು ಸುತ್ತುವುದಿಲ್ಲ. ಚೀಲದ ಗಾಳಿ ಹೀರುವುದಕ್ಕೆ ನಮ್ಮದೇ ಹಳೇ ಫ್ರಿಜ್ಜಿನ ಕಂಪ್ರೆಸರ್. ಪೂರ್ತಿ ಹೀರಿದರೆ ಹೊರಗಿನ ಗಾಳಿಯೇ ಅಂಗೈಯಗಲದ ಮೇಲೆ ಸುಮಾರು ಒಂದು ಕ್ವಿಂಟಲ್ ಭಾರ ಹೇರಿ ಅರಿವೆಯನ್ನು ಅಂಟಿಸುತ್ತದಂತೆ. ಎಲ್ಲಾದರೂ ಸೂಜಿಮೊನೆಯಷ್ಟು ಸೋರಿದರೆ ಗುಳ್ಳೆ.

ಸೋರಿತು. ‘ಮಾಮಾ, ಕೂಲರ್ ಬಂದ್ ಮಾಡ್ರಿ! ಸುಸ್ಸ್ ಅನ್ನಾಕತ್ತೈತಿ, ಎಲ್ಲೆಂತ ಗೊತ್ತಾಗವಲ್ದು!’

ಪಂಪು ನಿಲ್ಲಿಸಿದ, ನಳಿಕೆ ಹಿಂಡಿ ಹಿಡಿದ. ಕೂಲರ್ ಬಂದ್, ಫ್ಯಾನ್ ಬಂದ್, ಮಾತೂ ಬಂದ್. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ಬಂದ ನೆಂಟರಿಗೆಲ್ಲ ತೋರಿಸಿ ಮೆರೆಯುವ ನಾವು, ನಡುರಾತ್ರಿ ಬೆವರು ಸುರಿಸುತ್ತ ಒಂದು ಮಡ್‌ಗಾರ್ಡಿನ ಪಿಸುಮಾತಿಗೆ ಸುತ್ತಲೂ ಕಿವಿಯಿಟ್ಟು ಬಾಗಿದ್ದೆವು. ಕಂಡುಹಿಡಿದವಳು ಕಿವಿ ಮಂದವಾದ ನಮ್ಮವ್ವ. ಬೆರಳು ಒದ್ದೆ ಮಾಡಿಕೊಂಡು ಚೀಲದ ಅಂಚಿಗುಂಟ ಸವರುತ್ತ ಹೋಗಿ, ‘ಇಲ್ಲೈತಿ ನೋಡ, ತಂಪ ಹತ್ತತೈತಿ’ ಅಂದಳು. ಅಂಟುಪಟ್ಟಿ ಮುಗಿದಿತ್ತು. ಜೋಳದ ಹಿಟ್ಟು ಮೆತ್ತಿದಳು, ಅದು ಬಿರಿಯಿತು. ಗೋದಿ ಹಿಟ್ಟು ನಾದಿ ಮೆತ್ತಿದಳು, ನಿಂತಿತು. ಅವತ್ತಿನಿಂದ ಹುಡುಗ ಅಜ್ಜಿಗೆ ‘ಚೀಫ್ ಇಂಜಿನಿಯರ್’ ಅನ್ನುತ್ತಿದ್ದ. ನಾನು ಬೆಳಗಿನವರೆಗೂ ಬಯ್ಯುತ್ತಿದ್ದೆ. ಬಯ್ಯುತ್ತಲೇ ಎರಡು ಸಲ ಎದ್ದು ಹೋಗಿ ಹಿಟ್ಟು ಮುಟ್ಟಿ ನೋಡಿ ಬಂದೆ.

ಮಡ್‌ಗಾರ್ಡನ್ನು ತಿಕೋಟಾದಲ್ಲಿ ನನ್ನ ಷಡ್ಡಕರ ಒಣದ್ರಾಕ್ಷಿ ಶೆಡ್ಡಿಗೆ ಒಯ್ದು, ಮಣೂಕ ತೂಗುವ ತಕ್ಕಡಿಯಲ್ಲಿಟ್ಟ. ರೇಸಿಂಗ್ ಕಾರುಗಳು 1981ರಿಂದ ಹಗುರಾದದ್ದು ಇದರಿಂದಲೇ ಎಂದು ದಾರಿಯುದ್ದಕ್ಕೂ ಹೇಳಿದ್ದ. ಆ ಕಾರುಗಳ ಒಡಲೇ ಕಾರ್ಬನ್ನಿನದು. ನಮ್ಮದು ಹಳೇ ಮಡ್‌ಗಾರ್ಡಿನ ಮೇಲೆ ಹೊದಿಸಿದ ಅಂಗಿ. ತೂಕ ಒಂದು ಪಾವು ಹೆಚ್ಚಾಗಿತ್ತು.

‘ನಾವು ನಾಕು ಕಿಲೋ ದ್ರಾಕ್ಷಿ ಒಣಗಿಸಿ ಒಂದು ಕಿಲೋ ಮಾಡ್ತೀವಿ. ನೀ ಗಾಳಿ ತಗದು ತೂಕ ಏರಿಸಿದಿ. ಈ ವಿದ್ಯಾ ನಮಗೂ ಕಲಸೋ ತಮ್ಮಾ!’ ಅಂದರು ಷಡ್ಡಕರು. ಹುಡುಗ ನಗಲಿಲ್ಲ. ಮಡ್‌ಗಾರ್ಡನ್ನು ಅಂಗಿಯ ತುದಿಯಿಂದ ಒರೆಸುತ್ತ ನಿಂತ. ನನ್ನ ಕಾಲದಲ್ಲಿ ನಾನು ಲೂನಾಕ್ಕೆ ರೇಡಿಯಂ ಪಟ್ಟಿ ಮೆತ್ತಿ, ಹ್ಯಾಂಡಲಿಗೆ ಪ್ಲಾಸ್ಟಿಕ್ ಗೊಂಡೆ ಕಟ್ಟಿ ಮೆರೆದದ್ದು ಆಗ ನೆನಪಾಗಬಾರದಿತ್ತು.

ಈಗ ಅವನು ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಹಿತ್ತಲು ಖಾಲಿ, ಕೂಲರ್ ರಾತ್ರಿಯಿಡೀ ಓಡುತ್ತದೆ. ಮಡ್‌ಗಾರ್ಡ್ ನನ್ನ ಬೈಕಿನಲ್ಲೇ ಇದೆ. ಬಿಸಿಲಿಗೆ ತುಸು ಹಳದಿಯಾಗಿದೆ. ಹಿಟ್ಟು ಮೆತ್ತಿದ ಕಡೆ ಒಂದು ಗುಳ್ಳೆ. ನಾಣ್ಯದಿಂದ ಬಡಿದರೆ ಅಷ್ಟೇ ಜಾಗ ಟೊಳ್ಳು ದನಿ ಕೊಡುತ್ತದೆ.

ಮೊನ್ನೆ ಗಾಂಧಿ ಚೌಕದಲ್ಲಿ ಹುಡುಗನೊಬ್ಬ ಪಕ್ಕಕ್ಕೆ ಬೈಕು ನಿಲ್ಲಿಸಿ ಬಗ್ಗಿ ನೋಡಿದ. ‘ಅಂಕಲ್, ಸ್ಟಿಕರ್ ಎಲ್ಲಿ ಹಾಕ್ಸಿದ್ರಿ?’

ನಾನು ಗಾಡಿ ಬಂದ್ ಮಾಡಿ, ಸ್ಟ್ಯಾಂಡ್ ಹಾಕಿ ಕೆಳಗಿಳಿದೆ.