ಪಾಪ, ಡಿಸೆಂಬರ್ 25ರ ತಪ್ಪೇನು?

ಜನವರಿ ಮೊದಲ ವಾರ ಪ್ಯಾಂಟಿನ ಗುಂಡಿ ಕಾಜದವರೆಗೆ ಬರದಿದ್ದರೆ ತಪ್ಪನ್ನೆಲ್ಲ ಕ್ರಿಸ್ಮಸ್ ತಲೆಗೆ ಕಟ್ಟುವುದು ಎಲ್ಲರಿಗೂ ಅನುಕೂಲ. ವರ್ಷಕ್ಕೊಮ್ಮೆ ಬಂದು ಹೋಗುವ ಹಬ್ಬ ತಿರುಗಿ ಮಾತಾಡುವುದಿಲ್ಲವಲ್ಲ! ಅದರ ಪರ ವಕಾಲತ್ತು ವಹಿಸುವ ಧೈರ್ಯ ಮಾಡುತ್ತಿದ್ದೇನೆ. ಹೊಟ್ಟೆ ಬೆಳೆಸುವುದು ಹಬ್ಬವಲ್ಲ, ಅದನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುವ ನಮ್ಮ ಚಾಳಿ ಎಂಬುದು ನನ್ನ ವಾದ. ಮೊದಲ ಸಾಕ್ಷಿ ಅಮೆರಿಕದ್ದು. 2000ದಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನವೊಂದರಲ್ಲಿ 195 ವಯಸ್ಕರನ್ನು ಮತ್ತೆ ಮತ್ತೆ ತೂಗಿ ನೋಡಿದರು. ನವೆಂಬರ್ ನಡುವಿನಿಂದ ಜನವರಿವರೆಗೆ, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್, ಹೊಸವರ್ಷ ಮೂರನ್ನೂ ಮುಗಿಸಿ ಅವರು ಸರಾಸರಿ ಏರಿದ್ದು 0.37 ಕಿಲೊ. ತಾವು ಎಷ್ಟು ಏರಿದ್ದೇವೆಂದು ಅವರೇ ಮಾಡಿಕೊಂಡ ಅಂದಾಜು ಇದರ ಎಷ್ಟೋ ಪಟ್ಟು! ಆದರೆ ಅದೇ ಅಧ್ಯಯನದ ಇನ್ನೊಂದು ಮಾತನ್ನು ಯಾರೂ ಊಟದ ಮೇಜಿನ ಬಳಿ ಎತ್ತುವುದಿಲ್ಲ: ಹಾಗೆ ಏರಿದ್ದು ವಸಂತಕ್ಕಾಗಲಿ ಬೇಸಿಗೆಗಾಗಲಿ ಇಳಿಯಲಿಲ್ಲ. ಏರಿಸಿದ್ದು ಡಿಸೆಂಬರ್ ಎಂದೇ ಇಟ್ಟುಕೊಳ್ಳಿ. ಇಳಿಸದೆ ಉಳಿದ ತಿಂಗಳುಗಳ ಮೇಲೆ ಯಾಕೆ ಯಾರೂ ಕೇಸು ಹಾಕುವುದಿಲ್ಲ?

ಹಬ್ಬವನ್ನು ರೂಪಿಸಿದವರಿಗೆ ಈ ಲೆಕ್ಕ ಗೊತ್ತಿತ್ತೆಂದೇ ಕಾಣುತ್ತದೆ. ಆರ್ಥೊಡಾಕ್ಸ್ ಕ್ರೈಸ್ತರು ಕ್ರಿಸ್ಮಸ್‌ಗೆ ಮುನ್ನ 40 ದಿನ ಉಪವಾಸದ ನಿಯಮ ಪಾಲಿಸುತ್ತಾರೆ. ಕೇರಳದ ಸುರಿಯಾನಿ ಕ್ರೈಸ್ತರು ಡಿಸೆಂಬರ್ 1ರಿಂದ 25 ದಿನದ ನೋಂಬು ಹಿಡಿದು ಮಾಂಸ, ಮೀನು ಬಿಡುತ್ತಾರೆ. ಮೊದಲು ಹಸಿವು, ಆಮೇಲೆ ಹಬ್ಬ. ನಾವು ಬುದ್ಧಿವಂತರು: ಹಬ್ಬವನ್ನು ಇಟ್ಟುಕೊಂಡು ಹಸಿವನ್ನು ಕೈಬಿಟ್ಟೆವು. ಬೆಂಗಳೂರಿನ ಬೇಕರಿಗಳಲ್ಲಿ ಪ್ಲಮ್ ಕೇಕು ಹಬ್ಬಕ್ಕೆ ವಾರಗಳ ಮೊದಲೇ ಹಾಜರು. ಯೇಸು ಹುಟ್ಟುವಷ್ಟರಲ್ಲಿ ತಿನ್ನುವವರಿಗೆ ಅದರ ಮೇಲೆ ಬೇಸರವೇ ಬಂದಿರುತ್ತದೆ. ಬೇಸರ ಬಂತೆಂದು ಯಾರೂ ತಿನ್ನುವುದನ್ನು ನಿಲ್ಲಿಸಿಲ್ಲ ಎನ್ನುವುದು ಬೇರೆ ಮಾತು.

ನನ್ನ ವಾದಕ್ಕೆ ಎರಡು ಆಕ್ಷೇಪ ಬರುತ್ತವೆ. ಒಂದು, ಜನವರಿಯಲ್ಲಿ ಜಿಮ್ಮಿಗೆ ಸೇರಿದರಾಯಿತಲ್ಲ ಎಂಬುದು. ಸೇರುವುದು ಸುಲಭ, ಹೋಗುವುದು ಕಷ್ಟ. ಅದಕ್ಕಿಂತ ಹಬ್ಬದ ನಡುವೆಯೇ ತಕ್ಕಡಿ ಹತ್ತುವುದು ಮೇಲು. ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು 272 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಗಾಗ ತೂಕ ನೋಡಿಕೊಳ್ಳಲು ಹೇಳಿ, ಹಬ್ಬದ ತಿಂಡಿ ಕರಗಲು ಎಷ್ಟು ನಡೆಯಬೇಕೆಂಬ ಪಟ್ಟಿ ಕೊಟ್ಟರು. ಆ ಗುಂಪು ಸರಾಸರಿ 0.13 ಕಿಲೊ ಇಳಿಯಿತು, ಇನ್ನೊಂದು ಗುಂಪು 0.37 ಕಿಲೊ ಏರಿತು. 2018ರ ಈ ವರದಿಯಲ್ಲಿ ಯಾರೂ ಕೇಕು ಬಿಟ್ಟು ಸನ್ಯಾಸಿಯಾದ ಸುದ್ದಿ ಇಲ್ಲ. ಎರಡನೆಯ ಆಕ್ಷೇಪ ನನ್ನ ಕಕ್ಷಿದಾರನಿಗೆ ಮುಜುಗರ ತರುವಂಥದ್ದು. ಸ್ವೀಡನ್ನಿನಲ್ಲಿ 1998ರಿಂದ 2013ರವರೆಗಿನ ಹೃದಯಾಘಾತಗಳನ್ನು ಎಣಿಸಿದಾಗ ಕ್ರಿಸ್ಮಸ್ ಹಿಂದಿನ ದಿನ ಅಪಾಯ ಶೇಕಡಾ 37 ಹೆಚ್ಚು, ಅದರಲ್ಲೂ ರಾತ್ರಿ ಹತ್ತರ ಸುಮಾರಿಗೆ. 75 ದಾಟಿದವರಲ್ಲಿ, ಮಧುಮೇಹ ಅಥವಾ ಹೃದ್ರೋಗ ಇದ್ದವರಲ್ಲಿ ಇದು ಇನ್ನೂ ಸ್ಪಷ್ಟ. ಇಲ್ಲಿ ನಾನು ವಾದ ಬಿಟ್ಟುಕೊಡುತ್ತೇನೆ: ಅಂಥವರಿಗೆ ಆ ಒಂದು ರಾತ್ರಿಯೂ ಲೆಕ್ಕಕ್ಕೆ ಬರುತ್ತದೆ. ಎದೆ ಹಿಂಡಿದರೆ ಗ್ಯಾಸ್ ಎಂದು ಸೋಡಾ ಕುಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಉಳಿದವರಿಗೆ ಮಂಗಳೂರಿನ ಕ್ರೈಸ್ತರ ಕುಸ್ವಾರ್, ಅಂದರೆ ಮನೆಯಲ್ಲೇ ಮಾಡಿ ಹಂಚುವ ಕ್ರಿಸ್ಮಸ್ ತಿಂಡಿಗಳ ಪದ್ಧತಿಯೇ ಸಾಕಷ್ಟು ವೈಜ್ಞಾನಿಕ. ಮನೆಮಂದಿಯೆಲ್ಲ ಕೂತು ಫೋರ್ಕಿನ ಬೆನ್ನ ಮೇಲೆ ಹಿಟ್ಟು ಉರುಳಿಸಿ ಕಿಡಿಯೊ ಮಾಡಬೇಕು, ನೆವ್ರಿಗೆ ಹೂರಣ ತುಂಬಿ ಅಂಚು ಒತ್ತಬೇಕು. ಒಂದೊಂದಾಗಿ ಕೈಯಿಂದ ಮಾಡಿದ್ದನ್ನು ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳಲು ಮನಸ್ಸಾಗುವುದಿಲ್ಲ. ಮುಗಿದ ಮೇಲೆ ತಟ್ಟೆ ತಟ್ಟೆಯಾಗಿ ಅಕ್ಕಪಕ್ಕದ ಮನೆಗಳಿಗೆ, ಜಾತಿ ಧರ್ಮ ನೋಡದೆ, ಹೋಗುತ್ತದೆ. ಅಂಗಡಿಯಿಂದ ತಂದ ಡಬ್ಬಿಗೆ ಈ ಎರಡೂ ಇಲ್ಲ. ಅದು ಟಿವಿ ಎದುರು ಕೂತು, ಅಲ್ಲೇ ಖಾಲಿಯಾಗುತ್ತದೆ. ಹಂಚಿದ್ದು ತಿರುಗಿ ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರುತ್ತದೆ, ಆದರೆ ಮುಂದಿನ ಈದ್‌ಗೆ, ಚೌತಿಗೆ, ದೀಪಾವಳಿಗೆ, ಕಂತು ಕಂತಾಗಿ.