ಬೆನ್ನುಡಿ ರಾಯರು

ಯಾವ ಊರಿನಲ್ಲಿ ಓದುಗರ ಬಳಗ ಹುಟ್ಟಿದರೂ ಅದರ ಬೆನ್ನಿಗೇ ಒಬ್ಬ ಬೆನ್ನುಡಿ ರಾಯರೂ ಹುಟ್ಟುತ್ತಾರೆ. ಕೆಲವೆಡೆ ಅವರು ರಾಯರಲ್ಲ. ಗೌಡರು, ಶೆಟ್ಟರು, ಇಲ್ಲವೇ ನಿವೃತ್ತ ಮೇಡಂ. ತಿಂಗಳಿಗೊಂದು ಭಾನುವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲೋ ಯಾರದೋ ಮನೆಯ ತಾರಸಿಯಲ್ಲೋ ಪ್ಲಾಸ್ಟಿಕ್ ಕುರ್ಚಿ ಹಾಕುವುದೇ ತಡ, ನಡುವಿನ ಕುರ್ಚಿ ಅವರದು. ಕೈಯಲ್ಲಿ ಆ ತಿಂಗಳ ಕಾದಂಬರಿ. ಅದರ ಹಾಳೆಗಳಿಗೆ ಅಂಗಡಿಯ ಗರಿಗರಿ ಇನ್ನೂ ಹೋಗಿರುವುದಿಲ್ಲ. ಹಿಂಬದಿಯ ರಟ್ಟು ಮಾತ್ರ ಹೆಬ್ಬೆರಳಿನ ಬೆವರಿಗೆ ಮಾಸಿರುತ್ತದೆ.

ರಾಯರು ಓದುವುದೇ ಇಲ್ಲ ಎಂದರೆ ಅನ್ಯಾಯವಾದೀತು. ಬೆನ್ನುಡಿಯನ್ನು ಎರಡೆರಡು ಸಲ ಓದುತ್ತಾರೆ. ಮುನ್ನುಡಿಯ ಭಾರದ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಅರ್ಪಣೆ ಯಾರಿಗೆ, ಇದು ಎಷ್ಟನೇ ಮುದ್ರಣ, ಬೆಲೆ ಎಷ್ಟು ಏರಿದೆ ಎಂಬ ವಿಷಯಗಳಲ್ಲಿ ಅವರನ್ನು ಮೀರಿಸುವವರಿಲ್ಲ. ಆಮೇಲೆ ಮೊದಲ ಅಧ್ಯಾಯ. ಅದರಾಚೆಗೆ ಲೇಖಕರ ಮೇಲೆ ಭರವಸೆಯಿಟ್ಟು ಬಿಡುತ್ತಾರೆ.

ಅಭಿಪ್ರಾಯವನ್ನು ಮಾತ್ರ ಅರ್ಧಕ್ಕೆ ಬಿಡುವವರಲ್ಲ. ‘ದ್ರವ್ಯ ಗಟ್ಟಿ, ಬಂಧ ಸಡಿಲ. ಒಂದೈವತ್ತು ಪುಟ ತೆಗೆಯಬಹುದಿತ್ತು. ಕೊನೆಗೆ ಅವಸರ ಮಾಡಿದ್ದಾರೆ.’ ಭೈರಪ್ಪನವರ ‘ಪರ್ವ’ಕ್ಕೂ ಇದೇ ತೀರ್ಪು, ತೇಜಸ್ವಿಯವರ ‘ಕರ್ವಾಲೊ’ಗೂ ಇದೇ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಚರ್ಚೆಗೆ ಬಂದ ದಿನವೂ ಐವತ್ತು ಪುಟದ ಕತ್ತರಿ ಹೊರಬಂತು.

‘ಸರ್, ಅದು ಒಂದು ಸಂಜೆಗೆ ಮುಗಿಯೋ ಕತೆ. ಐವತ್ತು ಪುಟ ತೆಗೆದರೆ ಇರುವೆಗಳೂ ಉಳಿಯಲ್ಲ’ ಎಂದಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ.

ಇರುವೆ ಎಲ್ಲಿಂದ ಬಂತೆಂದು ರಾಯರು ಒಂದು ಗಳಿಗೆ ನೆಲ ನೋಡಿದರು. ‘ಅದನ್ನೇ ನಾನು ಹೇಳ್ತಿರೋದು. ಇರುವೆ ಜಾಸ್ತಿಯಾಯ್ತು.’

ಅನಂತಮೂರ್ತಿಯವರ ‘ಸಂಸ್ಕಾರ’ದ ದಿನ ಅವರ ಪ್ರತಿಭೆ ಶಿಖರ ಮುಟ್ಟಿತು. ಕೊನೆಯ ಪುಟದವರೆಗೂ ನಾರಣಪ್ಪನ ಹೆಣ ಅಗ್ರಹಾರದಲ್ಲೇ ಬಿದ್ದಿರುತ್ತದೆ, ಕಾದಂಬರಿಯ ಧ್ವನಿಯಿರುವುದೇ ಅಲ್ಲಿ ಎಂದು ಕಾಲು ಗಂಟೆ ವಿವರಿಸಿದರು. ‘ಚಂದ್ರಿ ರಾತ್ರೋರಾತ್ರಿ ಸುಡಿಸಿಬಿಡ್ತಾಳಲ್ಲ ಸರ್?’ ಎಂದಳು ಅದೇ ಹುಡುಗಿ. ‘ಅದು ಸ್ಥೂಲಶರೀರ ಕಣಮ್ಮಾ. ನಾನು ಹೇಳ್ತಿರೋದು ಸೂಕ್ಷ್ಮಶರೀರ.’ ಇದಕ್ಕೆ ಉತ್ತರ ಕೊಡಬಲ್ಲವರು ಬಳಗದಲ್ಲಿ ಯಾರಿದ್ದಾರೆ?

ಸಿನಿಮಾ ಆದ ಕಾದಂಬರಿಗಳಲ್ಲಂತೂ ಅವರದು ಅಪಾರ ಪಾಂಡಿತ್ಯ. ತ್ರಿವೇಣಿಯವರ ‘ಶರಪಂಜರ’ದಲ್ಲಿ ಹಾಡುಗಳು ಬಹಳ ಚೆನ್ನಾಗಿವೆ ಎಂದು ಬರೆದೇ ಕೊಟ್ಟಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ, ‘ಒಳ್ಳೆಯ ಕಾದಂಬರಿ, ಆದರೆ ಪಾತ್ರಗಳು ನಿಲ್ಲಲ್ಲ. ಒಂದು ಅಧ್ಯಾಯದಲ್ಲಿ ಇದ್ದವರು ಇನ್ನೊಂದರಲ್ಲಿ ಪತ್ತೆಯಿಲ್ಲ’ ಎಂದು ಹುಬ್ಬು ಗಂಟಿಕ್ಕಿದರು. ಅದು ಹನ್ನೆರಡು ಸಣ್ಣ ಕತೆಗಳ ಸಂಕಲನವೆಂದು ತಿಳಿಸಿದಾಗ, ‘ನೋಡಿ, ಬಂಧ ಸಡಿಲ ಅಂತ ನಾನಂದದ್ದು ಸುಳ್ಳಾಯಿತೇ?’ ಎಂದು ಗೆದ್ದರು.

ಇಷ್ಟಾದರೂ ಯಾರೂ ಅವರನ್ನು ಬಿಟ್ಟುಕೊಡುವುದಿಲ್ಲ. ಕಾರಣ ಸರಳ: ರಾಯರನ್ನು ಹಿಡಿದು ಹಾಕಬೇಕೆಂಬ ಒಂದೇ ಹಟಕ್ಕೆ ಉಳಿದವರೆಲ್ಲ ಪ್ರತಿ ಕಾದಂಬರಿಯನ್ನೂ ಕೊನೆಯ ಸಾಲಿನವರೆಗೆ ಓದಿಕೊಂಡು ಬರುತ್ತಾರೆ. ಪಠ್ಯಪುಸ್ತಕವನ್ನೂ ಇಷ್ಟು ಶ್ರದ್ಧೆಯಿಂದ ಓದದವರು ಪುಟಸಂಖ್ಯೆ ಗುರುತು ಹಾಕಿಕೊಂಡು ಕೂತಿರುತ್ತಾರೆ.

ಇಂಥ ಸುಸೂತ್ರ ವ್ಯವಸ್ಥೆಗೆ ಧಕ್ಕೆ ಬಂದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಸರದಿಯಲ್ಲಿ. 1967ರ ಆ ದಪ್ಪ ಕಾದಂಬರಿಯಲ್ಲಿ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಮೇಲೆ ರಾಯರಿಗೆ ಮೊದಲಿಂದಲೂ ಪ್ರೀತಿ. ಇಬ್ಬರೂ ಶುರುವಿನಲ್ಲೇ ಸಿಗುತ್ತಾರಲ್ಲ. ಆದರೆ ಆ ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಬಿತ್ತು. ಟೀವಿ ರಿಮೋಟು ಮೊಮ್ಮಕ್ಕಳ ವಶವಾಯಿತು. ಗತ್ಯಂತರವಿಲ್ಲದೆ ರಾಯರು ಎರಡನೆಯ ಅಧ್ಯಾಯಕ್ಕೆ ಕಾಲಿಟ್ಟರು.

ಸಭೆಗೆ ಕೋಲೂರಿಕೊಂಡು ಬಂದರು. ಪುಸ್ತಕದ ಮೂಲೆಗಳು ಮಡಿಚಿದ್ದವು, ನಡುವೆ ಸಾರಿನ ಕಲೆ. ನಾವೆಲ್ಲ ಗುರುತು ಹಾಕಿದ ಪುಟಗಳನ್ನು ತೆರೆದು ಕಾದೆವು. ‘ದ್ರವ್ಯ...’ ಎಂದು ಶುರುಮಾಡಿ ನಿಂತರು.

‘ಐವತ್ತು ಪುಟ, ಸರ್?’ ಹುಡುಗಿ ನೆನಪಿಸಿದಳು.

‘ಯಾವುದನ್ನಮ್ಮಾ ತೆಗೆಯೋದು? ಐತ-ಪೀಂಚಲುವನ್ನ ತೆಗೀಲಾ? ಚಿನ್ನಮ್ಮ ಮದುವೆ ತಪ್ಪಿಸಿಕೊಂಡು ರಾತ್ರಿ ಕಾಡಲ್ಲಿ ಓಡಿಹೋಗೋದನ್ನ ತೆಗೀಲಾ? ಆ ಹುಲಿಯ ತುಂಗೆಯಲ್ಲಿ ಕೊಚ್ಚಿಹೋಯ್ತಲ್ರೀ, ಅದನ್ನ ಬೇಕಾದರೆ ತೆಗೀರಿ.’ ಕನ್ನಡಕ ಒರೆಸಿಕೊಂಡು ಸುಮ್ಮನಾದರು.

ಚರ್ಚೆ ಹತ್ತು ನಿಮಿಷಕ್ಕೆ ಮುಗಿಯಿತು. ಜಗಳಕ್ಕೆ ಏನೂ ಸಿಗದೆ ಎಲ್ಲರೂ ಕಾಫಿ ಕುಡಿದರು. ಮುಂದಿನ ತಿಂಗಳಿಗೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಎಂದು ತೀರ್ಮಾನವಾದ ಮೇಲೆ ಸಂಚಾಲಕರು ರಾಯರನ್ನು ಪಕ್ಕಕ್ಕೆ ಕರೆದು ಕಳಕಳಿಯಿಂದ ಹೇಳಿದರು: ‘ಕಾಲು ಬೇಗ ವಾಸಿ ಮಾಡಿಕೊಳ್ಳಿ ಸರ್. ನೀವೂ ಪೂರ್ತಿ ಓದೋಕೆ ಶುರುಮಾಡಿದರೆ ಉಳಿದವರು ಯಾಕಾದರೂ ಓದಬೇಕು?’